ರಿವರ್‌ಸೈಡ್ ನಿಲ್ದಾಣ

ರಿವರ್‌ಸೈಡ್: ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಟನ್ ನಗರದಲ್ಲಿರುವ ಲೈಟ್ ರೈಲು ನಿಲ್ದಾಣ. ಬಾಸ್ಟನ್ ಮಹಾನಗರದ ಸಾರಿಗೆ ಜಾಲದಲ್ಲಿ ಗ್ರೀನ್ ಲೈನ್ ಎಂದು ಹೆಸರಾದ ಮಾರ್ಗದ ‘ಡಿ’ ಕವಲು ಪಶ್ಚಿಮದಲ್ಲಿ ಕೊನೆಯಾಗುವುದು ಇಲ್ಲಿಯೇ. 1959ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ನಿಲ್ದಾಣ ಪ್ರಯಾಣಿಕರಿಗೆ ತೆರೆಯಿತು. ಮ್ಯಾಸಚೂಸೆಟ್ಸ್ ಬೇ ಸಾರಿಗೆ ಪ್ರಾಧಿಕಾರ (ಎಂಬಿಟಿಎ) ಇದನ್ನು ನಡೆಸುತ್ತದೆ. ನೋಟಕ್ಕೆ ಇದು ತೀರ ಸಾಧಾರಣ ನಿಲ್ದಾಣ: ತಗ್ಗಿನ ಪ್ಲಾಟ್‌ಫಾರಂಗಳು, ವಿಶಾಲವಾದ ವಾಹನ ನಿಲುಗಡೆ, ಬದಿಯಲ್ಲಿ ರೈಲು ಯಾರ್ಡ್. ಆದರೆ ನಷ್ಟದಲ್ಲಿ ಮುಚ್ಚಿಹೋದ ಉಪನಗರ ರೈಲು ಮಾರ್ಗವೊಂದನ್ನು ಒಂದೇ ವರ್ಷದಲ್ಲಿ, ಕಡಿಮೆ ಖರ್ಚಿನಲ್ಲಿ ಟ್ರಾಲಿ ಮಾರ್ಗವಾಗಿ ಬದಲಾಯಿಸಿ, ಅದರ ತುದಿಯನ್ನು ಹೆದ್ದಾರಿಯ ಬಳಿ ತಂದು ನಿಲ್ಲಿಸಿದ ಪ್ರಯೋಗದ ಕಾರಣ ನಗರ ಸಾರಿಗೆಯ ಚರಿತ್ರೆಯಲ್ಲಿ ಇದಕ್ಕೊಂದು ಗಟ್ಟಿ ಸ್ಥಾನವಿದೆ.

ಸ್ಥಳ ಮತ್ತು ಪರಿಸರ

ನ್ಯೂಟನ್ ನಗರ ಬಾಸ್ಟನ್ನಿನ ಪಶ್ಚಿಮಕ್ಕಿದೆ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 88,923. ಒಂದೇ ಪೇಟೆಯ ಸುತ್ತ ಬೆಳೆದ ಊರಲ್ಲ ಇದು. ತಮ್ಮದೇ ಅಂಗಡಿ ಸಾಲು, ಅಂಚೆ ಕಚೇರಿ, ಚರ್ಚುಗಳಿರುವ ಹದಿಮೂರು ‘ಹಳ್ಳಿ’ಗಳ ಕೂಟ. ಈ ಹಳ್ಳಿಗಳಲ್ಲಿ ಹಲವು ಬೆಳೆದದ್ದು ರೈಲು ನಿಲ್ದಾಣಗಳ ಸುತ್ತ. ರಿವರ್‌ಸೈಡ್ ನಿಲ್ದಾಣ ಇರುವುದು ನಗರದ ಪಶ್ಚಿಮ ಅಂಚಿನಲ್ಲಿ, ಆಬರ್ನ್‌ಡೇಲ್ ಮತ್ತು ನ್ಯೂಟನ್ ಲೋವರ್ ಫಾಲ್ಸ್ ಎಂಬ ಎರಡು ಹಳ್ಳಿಗಳ ನಡುವೆ, ಗ್ರೋವ್ ಬೀದಿಯಲ್ಲಿ. ಸಮೀಪದಲ್ಲೇ ಚಾರ್ಲ್ಸ್ ನದಿ ಹರಿಯುತ್ತದೆ. ನದಿಯಾಚೆ ವೆಸ್ಟನ್ ಪಟ್ಟಣ.

ನಿಲ್ದಾಣಕ್ಕೆ ಅಂಟಿಕೊಂಡಂತೆ ಹಾದುಹೋಗುವುದು 128ನೇ ಸಂಖ್ಯೆಯ ಹೆದ್ದಾರಿ. ಬಾಸ್ಟನ್ನನ್ನು ಅರ್ಧಚಂದ್ರಾಕಾರವಾಗಿ ಬಳಸುವ ಈ ವರ್ತುಲ ರಸ್ತೆ ಇಲ್ಲಿ 95ನೇ ಅಂತರರಾಜ್ಯ ಹೆದ್ದಾರಿಯೂ ಹೌದು. 1950ರ ದಶಕದಿಂದ ಇದರ ಇಕ್ಕೆಲಗಳಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಕಂಪನಿಗಳು ಸಾಲಾಗಿ ನೆಲೆಯೂರಿದವು. ಮ್ಯಾಸಚೂಸೆಟ್ಸ್ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿ 1957ರಲ್ಲಿ ತೆರೆದಾಗ ಅದರ ಪೂರ್ವ ತುದಿ ಇದೇ 128ನೇ ಹೆದ್ದಾರಿಯ ಬಳಿ, ವೆಸ್ಟನ್ನಿನಲ್ಲಿತ್ತು. ಬಾಸ್ಟನ್ ಒಳಗಿನವರೆಗೆ ಅದು ಮುಂದುವರಿದದ್ದು 1960ರ ದಶಕದ ನಡುವಿನಲ್ಲಿ. ಅಂದರೆ ರಿವರ್‌ಸೈಡ್ ತೆರೆದ ಹೊತ್ತಿಗೆ ಪಶ್ಚಿಮದಿಂದ ಬರುವ ಕಾರುಗಳೆಲ್ಲ ಹೆದ್ದಾರಿ ಇಳಿಯುತ್ತಿದ್ದದ್ದು ಈ ನಿಲ್ದಾಣದ ನೆರೆಯಲ್ಲೇ. ಕೊನೆ ನಿಲ್ದಾಣಕ್ಕೆ ಈ ಜಾಗ ಒದಗಿಬಂದದ್ದರ ಅರ್ಧ ಗುಟ್ಟು ಇದರಲ್ಲಿದೆ.

ಉಳಿದರ್ಧ ಆಡಳಿತಕ್ಕೆ ಸೇರಿದ್ದು. ಆಗ ಬಾಸ್ಟನ್ನಿನ ಸಾರಿಗೆ ನಡೆಸುತ್ತಿದ್ದ ಮೆಟ್ರೊಪಾಲಿಟನ್ ಸಾರಿಗೆ ಪ್ರಾಧಿಕಾರದ (ಎಂಟಿಎ) ವ್ಯಾಪ್ತಿಯಲ್ಲಿದ್ದದ್ದು 14 ನಗರ, ಪಟ್ಟಣಗಳು ಮಾತ್ರ. ನ್ಯೂಟನ್ ಅದರೊಳಗಿತ್ತು, ವೆಸ್ಟನ್ ಹೊರಗಿತ್ತು. ಪ್ರಾಧಿಕಾರದ ಗಡಿ ಮುಗಿಯುವಲ್ಲಿ ಹಳಿಯೂ ಮುಗಿಯಿತು.

ಹಿನ್ನೆಲೆ: ಉಗಿಬಂಡಿಯ ಕಾಲ

ಇಂದಿನ ಡಿ ಕವಲಿನ ಹಳಿಗಳು ಓಡುವ ನೆಲ ರೈಲಿಗೆ ಹೊಸತಲ್ಲ. ಬಾಸ್ಟನ್ನಿನಿಂದ ಬ್ರೂಕ್‌ಲೈನ್‌ಗೆ ಬಾಸ್ಟನ್ ಆ್ಯಂಡ್ ವುಸ್ಟರ್ ಕಂಪನಿಯ ಕವಲು ಹಳಿ 1848ರಲ್ಲೇ ಬಂದಿತ್ತು. 1852ರಲ್ಲಿ ಚಾರ್ಲ್ಸ್ ರಿವರ್ ಬ್ರಾಂಚ್ ರೈಲು ಕಂಪನಿ ಅದನ್ನು ನ್ಯೂಟನ್ ಅಪ್ಪರ್ ಫಾಲ್ಸ್‌ವರೆಗೆ ಬೆಳೆಸಿತು. ಈ ಹಳಿಗೆ ಮೊದಲು ಹೆಸರು ತಂದದ್ದು ಪ್ರಯಾಣಿಕರಲ್ಲ, ಜಲ್ಲಿ. ಬಾಸ್ಟನ್ನಿನ ಬ್ಯಾಕ್ ಬೇ ಆಗ ಉಬ್ಬರವಿಳಿತದ ಕೆಸರು ಭೂಮಿ. ಅದನ್ನು ತುಂಬಿಸಿ ಬಡಾವಣೆ ಮಾಡುವ ದೊಡ್ಡ ಕೆಲಸ 1850ರ ದಶಕದ ಕೊನೆಯಲ್ಲಿ ಶುರುವಾದಾಗ ನೀಡಮ್ ಪಟ್ಟಣದ ಗುಡ್ಡಗಳನ್ನು ಉಗಿಯಂತ್ರದ ಸಲಿಕೆಗಳಿಂದ ಅಗೆದು, ಹಗಲಿರುಳೂ ರೈಲುಗಳಲ್ಲಿ ಮಣ್ಣು ಜಲ್ಲಿ ಸಾಗಿಸಲಾಯಿತು. ಇಂದು ಬಾಸ್ಟನ್ನಿನ ಅತಿ ದುಬಾರಿ ಮನೆಗಳು ನಿಂತಿರುವುದು ಹೀಗೆ ಬಂದ ಮಣ್ಣಿನ ಮೇಲೆ.

1883ರಲ್ಲಿ ಬಾಸ್ಟನ್ ಆ್ಯಂಡ್ ಆಲ್ಬನಿ ರೈಲು ಕಂಪನಿ ಈ ಮಾರ್ಗದ ಪೂರ್ವ ಭಾಗವನ್ನು ಕೊಂಡಿತು. ನ್ಯೂಟನ್ ಹೈಲ್ಯಾಂಡ್ಸ್‌ನಿಂದ ಪಶ್ಚಿಮಕ್ಕೆ ಹೊಸ ಹಳಿ ಹಾಸಿ 1886ರಲ್ಲಿ ಅದನ್ನು ರಿವರ್‌ಸೈಡ್‌ನಲ್ಲಿ ತನ್ನ ಮುಖ್ಯ ಮಾರ್ಗಕ್ಕೆ ಕೂಡಿಸಿತು. ಬಾಸ್ಟನ್ನಿನಿಂದ ಮುಖ್ಯ ಮಾರ್ಗದಲ್ಲಿ ಹೊರಟು, ರಿವರ್‌ಸೈಡ್‌ನಲ್ಲಿ ತಿರುಗಿ, ಹೈಲ್ಯಾಂಡ್ ಕವಲು ಎಂದು ಹೆಸರಾದ ಈ ಹಳಿಯ ಮೂಲಕ ಮತ್ತೆ ಬಾಸ್ಟನ್ ಸೇರುವ ‘ನ್ಯೂಟನ್ ಸರ್ಕೀಟ್’ ಹೀಗೆ ಪೂರ್ಣವಾಯಿತು. ಕಂಪನಿ ತನ್ನ ಉಪನಗರ ನಿಲ್ದಾಣಗಳ ವಿನ್ಯಾಸಕ್ಕೆ ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್‌ನನ್ನು ಕರೆಸಿತು. 1886ರಲ್ಲಿ ಆತ ತೀರಿಕೊಂಡ ಮೇಲೆ ಆತನ ಉತ್ತರಾಧಿಕಾರಿ ಸಂಸ್ಥೆ ಕೆಲಸ ಮುಂದುವರಿಸಿತು. ನಿಲ್ದಾಣಗಳ ಸುತ್ತಲಿನ ಗಿಡಮರಗಳ ಯೋಜನೆಯಲ್ಲಿ ಉದ್ಯಾನ ವಿನ್ಯಾಸಕ ಫ್ರೆಡರಿಕ್ ಲಾ ಓಮ್‌ಸ್ಟೆಡ್‌ನ ಕೈ ಇತ್ತು. ಒರಟು ಕಲ್ಲಿನ ಗೋಡೆ, ಕೆಳಕ್ಕೆ ಬಾಗಿದ ದೊಡ್ಡ ಚಾವಣಿಯ ಆ ಕಟ್ಟಡಗಳಲ್ಲಿ ಕೆಲವು ಈಗಲೂ ಉಳಿದಿವೆ. ರಿವರ್‌ಸೈಡ್‌ಗೆ ಹಿಂದಿನ ನಿಲ್ದಾಣವಾದ ವುಡ್‌ಲ್ಯಾಂಡ್ ಬಳಿಯ ಪುಟ್ಟ ಕಟ್ಟಡ ಅವುಗಳಲ್ಲೊಂದು.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರಿವರ್‌ಸೈಡ್ ಎಂದರೆ ಬಾಸ್ಟನ್ನಿನವರಿಗೆ ದೋಣಿವಿಹಾರ. ಚಾರ್ಲ್ಸ್ ನದಿಯ ಈ ಭಾಗದಲ್ಲಿ ಸೆಳವು ಕಡಿಮೆ. ರಜಾದಿನಗಳಲ್ಲಿ ಸಣ್ಣ ಕನೂ ದೋಣಿಗಳು ಇಲ್ಲಿ ನೀರು ಕಾಣದಷ್ಟು ಕಿಕ್ಕಿರಿಯುತ್ತಿದ್ದವು. 1897ರಲ್ಲಿ ಸಮೀಪದ ಆಬರ್ನ್‌ಡೇಲ್‌ನಲ್ಲಿ ನೊರಂಬೆಗಾ ಪಾರ್ಕ್ ಎಂಬ ಮನರಂಜನಾ ಉದ್ಯಾನ ತೆರೆಯಿತು. ಅದನ್ನು ಕಟ್ಟಿದ್ದು ಕಾಮನ್‌ವೆಲ್ತ್ ಅವೆನ್ಯೂ ಬೀದಿ ಟ್ರಾಮ್ ಕಂಪನಿಯವರು. ಕೆಲಸದ ದಿನಗಳಲ್ಲಿ ಕಚೇರಿಗೆ ಹೋಗುವವರು ಟ್ರಾಮ್ ಹತ್ತುತ್ತಾರೆ, ಭಾನುವಾರ ಬಂಡಿಗಳು ಖಾಲಿ ಓಡುತ್ತವೆ; ಮಾರ್ಗದ ಕೊನೆಯಲ್ಲೊಂದು ಆಕರ್ಷಣೆ ಇಟ್ಟರೆ ರಜಾದಿನವೂ ಗಲ್ಲಾ ತುಂಬುತ್ತದೆ ಎಂಬುದು ಆ ಕಾಲದ ಅಮೆರಿಕದ ಟ್ರಾಮ್ ಕಂಪನಿಗಳ ಸಾಮಾನ್ಯ ಲೆಕ್ಕಾಚಾರ. ಉದ್ಯಾನ 1963ರವರೆಗೆ ನಡೆಯಿತು.

ಮುಚ್ಚುಗಡೆ ಮತ್ತು ಪರಿವರ್ತನೆ

ಎರಡನೇ ಮಹಾಯುದ್ಧದ ನಂತರ ಕಾರು ಮನೆಮನೆಗೆ ಬಂತು. ಉಪನಗರ ರೈಲುಗಳು ಖಾಲಿಯಾದವು. ಆ ವೇಳೆಗೆ ಬಾಸ್ಟನ್ ಆ್ಯಂಡ್ ಆಲ್ಬನಿಯನ್ನು ಗುತ್ತಿಗೆಯ ಮೇಲೆ ನಡೆಸುತ್ತಿದ್ದ ನ್ಯೂಯಾರ್ಕ್ ಸೆಂಟ್ರಲ್ ಕಂಪನಿಗೆ ಹೈಲ್ಯಾಂಡ್ ಕವಲು ಬೇಡದ ಹೊರೆಯಾಗಿತ್ತು. ಇಲ್ಲಿ ವೇಗದ ನಗರ ಸಾರಿಗೆ ತರಬೇಕೆಂಬ ಸಲಹೆಯೇನೋ ಹಳೆಯದು. ಆರ್ಥರ್ ಕೂಲಿಜ್ ಅಧ್ಯಕ್ಷತೆಯ ಸಾರಿಗೆ ಆಯೋಗ 1945ರಲ್ಲೇ ಅದನ್ನು ಶಿಫಾರಸು ಮಾಡಿತ್ತು. ಕಾರ್ಯಕ್ಕೆ ಇಳಿಯಲು ಮಾತ್ರ ಹದಿಮೂರು ವರ್ಷ ಹಿಡಿಯಿತು. 1958ರ ಮೇ 31ರಂದು ಹೈಲ್ಯಾಂಡ್ ಕವಲಿನಲ್ಲಿ ಕೊನೆಯ ಪ್ರಯಾಣಿಕ ರೈಲು ಓಡಿತು. ಜುಲೈನಲ್ಲಿ ಎಂಟಿಎ ಪರಿವರ್ತನೆಯ ಕೆಲಸ ಆರಂಭಿಸಿತು. ಮುಂದಿನ ಜುಲೈನಲ್ಲಿ ಟ್ರಾಲಿ ಓಡುತ್ತಿತ್ತು.

ಇಷ್ಟು ಬೇಗ ಇದು ಹೇಗಾಯಿತೆಂದರೆ, ಕಷ್ಟದ ಕೆಲಸವನ್ನೆಲ್ಲ ಉಗಿಬಂಡಿಯ ಕಾಲದವರೇ ಮಾಡಿ ಹೋಗಿದ್ದರು. ಜೋಡಿ ಹಳಿಗೆ ಬೇಕಾದಷ್ಟು ಅಗಲದ ಜಾಗವಿತ್ತು. ಬಹುತೇಕ ಕಡೆ ರಸ್ತೆಗಳು ಹಳಿಯ ಮೇಲೋ ಕೆಳಗೋ ಹಾಯುತ್ತಿದ್ದವು; ರೈಲ್ವೆ ಗೇಟುಗಳ ತಾಪತ್ರಯವಿರಲಿಲ್ಲ. ಮನೆ ಒಡೆಯುವ, ಭೂಸ್ವಾಧೀನದ ಮೊಕದ್ದಮೆ ನಡೆಸುವ ಪ್ರಮೇಯವೇ ಬರಲಿಲ್ಲ. ಹಳಿ ಸರಿಪಡಿಸಿ, ಮೇಲೆ ವಿದ್ಯುತ್ ತಂತಿ ಎಳೆದು, ನಿಲ್ದಾಣಗಳಲ್ಲಿ ನೆಲಮಟ್ಟದ ಪ್ಲಾಟ್‌ಫಾರಂ ಹಾಕಿ, ಪಕ್ಕದಲ್ಲಿ ಕಾರು ನಿಲ್ಲಿಸಲು ಜಾಗ ಸಮಮಾಡಿದರೆ ಕೆಲಸದ ಬಹುಪಾಲು ಮುಗಿದಂತೆ. ಫೆನ್‌ವೇ ಬಳಿ ಇಳಿಜಾರು ತೋಡಿ ಮಾರ್ಗವನ್ನು ನಗರದ ಸುರಂಗಕ್ಕೆ ಕೂಡಿಸಲಾಯಿತು. ಒಟ್ಟು ವೆಚ್ಚ ಸುಮಾರು 90 ಲಕ್ಷ ಡಾಲರ್. ಹೊಸದಾಗಿ ಸುರಂಗ ಕೊರೆದು ಇಷ್ಟು ಉದ್ದದ ಮಾರ್ಗ ಕಟ್ಟಲು ಆ ಹಣ ಏನೇನೂ ಸಾಲುತ್ತಿರಲಿಲ್ಲ.

ಭಾರಿ ಮೆಟ್ರೊ ಬಿಟ್ಟು ಟ್ರಾಲಿಯನ್ನೇ ಏಕೆ ಆರಿಸಿದರು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಬಾಸ್ಟನ್ನಿನ ಟ್ರೆಮಾಂಟ್ ಬೀದಿಯ ಸುರಂಗ 1897ರಲ್ಲಿ ತೆರೆದದ್ದು. ಅಮೆರಿಕದ ಮೊದಲ ನೆಲದಡಿ ರೈಲು ಮಾರ್ಗ ಅದು. ಅದು ಮೊದಲಿನಿಂದಲೂ ಟ್ರಾಮ್ ಬಂಡಿಗಳಿಗೆಂದೇ ಮಾಡಿದ ಸುರಂಗ. ಕೆನ್ಮೋರ್‌ವರೆಗೆ ಸಿದ್ಧವಾಗಿದ್ದ ಈ ಸುರಂಗಕ್ಕೆ ಹೊಸ ಕವಲನ್ನು ಜೋಡಿಸಿದರೆ ರಿವರ್‌ಸೈಡ್‌ನಲ್ಲಿ ಹತ್ತಿದವರು ಬಂಡಿ ಬದಲಿಸದೆ ನಗರದ ನಡುಮಧ್ಯಕ್ಕೆ ಹೋಗಬಹುದಿತ್ತು.

ನಿರೀಕ್ಷೆ ಮೀರಿ ಜನ ಬಂದರು. ಇದು ಸಂತೋಷದ ಜೊತೆ ಸಂಕಟವನ್ನೂ ತಂದಿತು. ಹೊಸ ಮಾರ್ಗಕ್ಕೆಂದು ಎಂಟಿಎ ಹೊಸ ಬಂಡಿಗಳನ್ನು ಕೊಂಡಿರಲಿಲ್ಲ. ಟೆಕ್ಸಾಸ್‌ನ ಡಲ್ಲಾಸ್ ನಗರ ತನ್ನ ಟ್ರಾಮ್‌ಗಳನ್ನು ನಿಲ್ಲಿಸಿದಾಗ ಅಲ್ಲಿಂದ 25 ಹಳೆಯ ಬಂಡಿಗಳನ್ನು ತರಿಸಿಕೊಂಡು, ಉಳಿದ ಕವಲುಗಳ ಬಂಡಿಗಳನ್ನು ಇತ್ತ ಹೊಂದಿಸಿ ಕೆಲಸ ಸಾಗಿಸಿತು. ಬಂಡಿಗಳ ಈ ಅಭಾವದ ಬಿಸಿ ತಟ್ಟಿದವುಗಳಲ್ಲಿ ವಾಟರ್‌ಟೌನ್ ಕವಲೂ ಒಂದು. 1969ರಲ್ಲಿ ಅಲ್ಲಿ ಟ್ರಾಲಿ ನಿಂತು ಬಸ್ಸು ಬಂತು.

ಮಾರ್ಗ

ರಿವರ್‌ಸೈಡ್‌ನಿಂದ ಫೆನ್‌ವೇವರೆಗಿನ ಮೇಲ್ಮೈ ಮಾರ್ಗ ಸುಮಾರು 15 ಕಿಲೋಮೀಟರ್. ಅದರಲ್ಲಿ 13 ನಿಲ್ದಾಣಗಳು: ರಿವರ್‌ಸೈಡ್, ವುಡ್‌ಲ್ಯಾಂಡ್, ವಾಬನ್, ಎಲಿಯಟ್, ನ್ಯೂಟನ್ ಹೈಲ್ಯಾಂಡ್ಸ್, ನ್ಯೂಟನ್ ಸೆಂಟರ್, ಚೆಸ್ಟ್‌ನಟ್ ಹಿಲ್, ರಿಸರ್ವಾಯರ್, ಬೀಕನ್ಸ್‌ಫೀಲ್ಡ್, ಬ್ರೂಕ್‌ಲೈನ್ ಹಿಲ್ಸ್, ಬ್ರೂಕ್‌ಲೈನ್ ವಿಲೇಜ್, ಲಾಂಗ್‌ವುಡ್, ಫೆನ್‌ವೇ. ಆಮೇಲೆ ಸುರಂಗ, ಕೆನ್ಮೋರ್, ಕಾಪ್ಲೀ, ಪಾರ್ಕ್ ಸ್ಟ್ರೀಟ್ ಮೊದಲಾದ ನಗರಕೇಂದ್ರದ ನಿಲ್ದಾಣಗಳನ್ನು ಹಾದು ಬಂಡಿಗಳು ಚಾರ್ಲ್ಸ್ ನದಿಯಾಚೆಯ ಸಾಮರ್‌ವಿಲ್ ನಗರದ ಯೂನಿಯನ್ ಸ್ಕ್ವೇರ್ ತಲುಪುತ್ತವೆ. ಯೂನಿಯನ್ ಸ್ಕ್ವೇರ್ ನಿಲ್ದಾಣ ತೆರೆದದ್ದು 2022ರ ಮಾರ್ಚ್ 21ರಂದು. ರಿವರ್‌ಸೈಡ್‌ನಿಂದ ನಗರಕೇಂದ್ರಕ್ಕೆ ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ.

ಗ್ರೀನ್ ಲೈನಿನ ಬಿ ಮತ್ತು ಸಿ ಕವಲುಗಳು ಬೀದಿಯ ನಡುವೆ, ಸಿಗ್ನಲ್ ದೀಪಗಳಿಗೆ ಕಾಯುತ್ತ ಸಾಗುತ್ತವೆ. ಇ ಕವಲಿನ ತುದಿಯಲ್ಲಂತೂ ಕಾರುಗಳ ಜೊತೆ ಒಂದೇ ಓಣಿಯಲ್ಲಿ ಓಡಬೇಕು. ಡಿ ಕವಲಿಗೆ ಆ ಪಾಡಿಲ್ಲ. ಮರಗಳ ನಡುವಿನ ತನ್ನದೇ ದಾರಿಯಲ್ಲಿ, ದೂರದೂರದ ನಿಲ್ದಾಣಗಳ ನಡುವೆ ಬಂಡಿ ರೈಲಿನಂತೆಯೇ ವೇಗ ಹಿಡಿಯುತ್ತದೆ. ಲಾಂಗ್‌ವುಡ್‌ನ ಸುತ್ತ ದೊಡ್ಡ ಆಸ್ಪತ್ರೆಗಳಿವೆ, ಫೆನ್‌ವೇ ಹತ್ತಿರ 1912ರಲ್ಲಿ ತೆರೆದ ಬೇಸ್‌ಬಾಲ್ ಮೈದಾನ ಫೆನ್‌ವೇ ಪಾರ್ಕ್ ಇದೆ. ಹೀಗಾಗಿ ವೈದ್ಯರು, ನರ್ಸುಗಳು, ರೋಗಿಗಳ ಕಡೆಯವರು, ವಿದ್ಯಾರ್ಥಿಗಳು ದಿನವಿಡೀ ಈ ಬಂಡಿಗಳಲ್ಲಿ ಇರುತ್ತಾರೆ. ಪಂದ್ಯದ ಸಂಜೆಗಳಲ್ಲಿ ಹೆದ್ದಾರಿಯಿಂದ ಬಂದು ರಿವರ್‌ಸೈಡ್‌ನಲ್ಲಿ ಕಾರು ಬಿಟ್ಟು ಹೋಗುವ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳ ನೂಕುನುಗ್ಗಲು.

ಮಾರ್ಗಗಳಿಗೆ ಬಣ್ಣದ ಹೆಸರು ಬಂದದ್ದು 1965ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಎಂಟಿಎ ಹೋಗಿ, 78 ನಗರ, ಪಟ್ಟಣಗಳ ವ್ಯಾಪ್ತಿಯ ಎಂಬಿಟಿಎ ಅಸ್ತಿತ್ವಕ್ಕೆ ಬಂದಿತ್ತು. ಓಮ್‌ಸ್ಟೆಡ್ ರೂಪಿಸಿದ ‘ಎಮರಲ್ಡ್ ನೆಕ್ಲೆಸ್’ ಎಂಬ ಉದ್ಯಾನ ಸರಣಿಯ ಪಕ್ಕದಲ್ಲಿ ಹಾಯುವ ಕಾರಣ ಟ್ರಾಲಿ ಮಾರ್ಗಗಳಿಗೆ ಹಸಿರು ಬಣ್ಣ ಸಂದಿತು. 1967ರಲ್ಲಿ ಕವಲುಗಳಿಗೆ ಎ ಇಂದ ಇ ವರೆಗೆ ಅಕ್ಷರಗಳನ್ನು ಕೊಟ್ಟರು. ರಿವರ್‌ಸೈಡ್ ಕವಲು ಡಿ ಆಯಿತು.

ನಿಲ್ದಾಣ ಮತ್ತು ಯಾರ್ಡ್

ರಿವರ್‌ಸೈಡ್‌ಗೆ ಬರುವವರಲ್ಲಿ ನಡೆದು ಬರುವವರಿಗಿಂತ ಕಾರಿನಲ್ಲಿ ಬರುವವರು ಹೆಚ್ಚು. ನಿಲ್ದಾಣದ ಸ್ವರೂಪ ನಿರ್ಧಾರವಾದದ್ದೂ ಅದರಿಂದಲೇ. ಪ್ಲಾಟ್‌ಫಾರಮಿನ ಪಕ್ಕದಲ್ಲೇ 900ಕ್ಕೂ ಹೆಚ್ಚು ಕಾರುಗಳು ನಿಲ್ಲುವಷ್ಟು ಬಯಲಿದೆ. ಬೆಳಗ್ಗೆ ಹೆದ್ದಾರಿಯಿಂದ ಇಳಿದ ಕಾರು ಇಲ್ಲಿ ನಿಲ್ಲುತ್ತದೆ, ಒಡೆಯ ಬಂಡಿ ಹತ್ತುತ್ತಾನೆ, ಸಂಜೆಯವರೆಗೆ ಕಾರು ಬಿಸಿಲಿಗೋ ಹಿಮಕ್ಕೋ ಮೈಯೊಡ್ಡಿ ಕಾಯುತ್ತದೆ. ದೂರದ ಊರುಗಳಿಗೆ ಹೋಗುವ ಬಸ್ಸುಗಳೂ ಇಲ್ಲಿ ನಿಲ್ಲುತ್ತವೆ. ಪ್ಲಾಟ್‌ಫಾರಮನ್ನು ಸ್ವಲ್ಪ ಎತ್ತರಿಸಿರುವುದರಿಂದ ತಗ್ಗು ನೆಲದ ಬಂಡಿಗಳಿಗೆ ಗಾಲಿಕುರ್ಚಿಯಲ್ಲಿ ಬರುವವರೂ ಹತ್ತಬಹುದು.

ನಿಲ್ದಾಣದ ಹಿಂದಿರುವ ಯಾರ್ಡ್ ಗ್ರೀನ್ ಲೈನಿನ ಅತಿ ದೊಡ್ಡ ದುರಸ್ತಿ ಕೇಂದ್ರ. ರಾತ್ರಿ ಬಂಡಿಗಳು ತಂಗುವುದು, ಚಕ್ರ ಮತ್ತು ಬ್ರೇಕುಗಳ ತಪಾಸಣೆ, ದೊಡ್ಡ ರಿಪೇರಿ ಎಲ್ಲ ಇಲ್ಲಿಯೇ. ನಗರದೊಳಗೆ ಇಷ್ಟು ನೆಲ ಸಿಗುವುದು ದುರ್ಲಭ. ಕೊನೆ ನಿಲ್ದಾಣದ ಬಳಿ ಯಾರ್ಡ್ ಇದ್ದರೆ ಇನ್ನೂ ಒಂದು ಅನುಕೂಲ: ಬೆಳಗಿನ ಮೊದಲ ಬಂಡಿ ಶೆಡ್ಡಿನಿಂದ ನೇರ ಪ್ಲಾಟ್‌ಫಾರಮಿಗೆ ಬರುತ್ತದೆ, ಖಾಲಿ ಓಡಬೇಕಾಗಿಲ್ಲ.

ಹಳಿಯ ಅಗಲ 1,435 ಮಿಲಿಮೀಟರ್, ಅಂದರೆ ಸ್ಟ್ಯಾಂಡರ್ಡ್ ಗೇಜ್. ವಿದ್ಯುತ್ತು 600 ವೋಲ್ಟಿನ ನೇರ ಪ್ರವಾಹ, ಮೇಲಿನ ತಂತಿಯಿಂದ. ಬೆಂಗಳೂರಿನ ನಮ್ಮ ಮೆಟ್ರೊಗೂ ಗೇಜ್ ಇದೇ. ಆದರೆ ಅಲ್ಲಿ 750 ವೋಲ್ಟ್ ವಿದ್ಯುತ್ತು ನೆಲಮಟ್ಟದ ಮೂರನೇ ಹಳಿಯಿಂದ ಬರುವುದರಿಂದ ಮಾರ್ಗದ ಸನಿಹ ಯಾರೂ ಸುಳಿಯದಂತೆ ಬೇಲಿ, ಗೋಡೆ, ಎತ್ತರದ ಪ್ಲಾಟ್‌ಫಾರಂ ಬೇಕೇ ಬೇಕು. ತಂತಿ ಮೇಲಿರುವ ರಿವರ್‌ಸೈಡ್ ಮಾರ್ಗದಲ್ಲಿ ಪ್ರಯಾಣಿಕರು ಗುರುತು ಮಾಡಿದ ಕಡೆ ಹಳಿ ದಾಟಿಯೇ ಎದುರಿನ ಪ್ಲಾಟ್‌ಫಾರಂಗೆ ಹೋಗುವ ನಿಲ್ದಾಣಗಳಿವೆ. ಲೈಟ್ ರೈಲು ಅಗ್ಗವಾಗುವುದು ಇಂಥ ಸಣ್ಣಪುಟ್ಟ ಉಳಿತಾಯಗಳಿಂದ.

ಮುಖ್ಯ ಮಾರ್ಗದ ಮೇಲೆ ರಿವರ್‌ಸೈಡ್ ಎಂಬ ಹೆಸರಿನದೇ ಹಳೆಯ ರೈಲು ನಿಲ್ದಾಣವೂ ಇತ್ತು. ಅದು 1977ರಲ್ಲಿ ಮುಚ್ಚಿತು. ಫ್ರೇಮಿಂಗ್‌ಹ್ಯಾಮ್, ವುಸ್ಟರ್ ಕಡೆಯ ಉಪನಗರ ರೈಲುಗಳು ಈಗ ಇಲ್ಲಿ ನಿಲ್ಲದೆ ಹೋಗುತ್ತವೆ.

ಬಂಡಿಗಳು

ಆರಂಭದಲ್ಲಿ ಇಲ್ಲಿ ಓಡಿದ್ದು ಪಿಸಿಸಿ ಬಂಡಿಗಳು. ಕಾರಿನ ಪೈಪೋಟಿ ಎದುರಿಸಲು ಅಮೆರಿಕದ ಟ್ರಾಮ್ ಕಂಪನಿಗಳ ಅಧ್ಯಕ್ಷರು ಒಟ್ಟಾಗಿ ರೂಪಿಸಿ 1936ರಲ್ಲಿ ಹೊರತಂದ, ದುಂಡು ಮೂತಿಯ, ಸದ್ದಿಲ್ಲದೆ ವೇಗ ಪಡೆಯುವ ಬಂಡಿ ಇದು. ಬಾಸ್ಟನ್ನಿನ ಮ್ಯಾಟಪ್ಯಾನ್ ಮಾರ್ಗದಲ್ಲಿ ಪಿಸಿಸಿ ಬಂಡಿಗಳು ಇಪ್ಪತ್ತೊಂದನೇ ಶತಮಾನದಲ್ಲೂ ಸೇವೆಯಲ್ಲಿ ಮುಂದುವರಿದವು.

1976ರ ಡಿಸೆಂಬರ್ 30ರಂದು ಬೋಯಿಂಗ್ ವರ್ಟಾಲ್ ತಯಾರಿಸಿದ ಹೊಸ ಬಂಡಿಗಳು ಮೊದಲು ಸೇವೆಗೆ ಬಂದದ್ದು ರಿವರ್‌ಸೈಡ್ ಕವಲಿನಲ್ಲೇ. ವಿಯೆಟ್ನಾಂ ಯುದ್ಧ ಮುಗಿಯುತ್ತಿದ್ದಂತೆ ಹೆಲಿಕಾಪ್ಟರ್ ತಯಾರಿಸುತ್ತಿದ್ದ ಈ ಕಂಪನಿ ನಗರ ಸಾರಿಗೆಯತ್ತ ಕಣ್ಣು ಹಾಯಿಸಿತ್ತು. ಬಾಸ್ಟನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ, ಎರಡಕ್ಕೂ ಒಂದೇ ಮಾದರಿ ಹೊಂದಬೇಕೆಂದು ಮಾಡಿದ ವಿನ್ಯಾಸ ಇಬ್ಬರಿಗೂ ಪೂರ್ತಿ ಒಗ್ಗಲಿಲ್ಲ. ಬಾಗಿಲುಗಳು ಕೈಕೊಟ್ಟವು, ಬಂಡಿಗಳು ಹಳಿ ತಪ್ಪಿದವು. ಕೆಟ್ಟು ನಿಂತ ಬಂಡಿಗಳು ಯಾರ್ಡಿನಲ್ಲಿ ಜಮಾಯಿಸಿದವು. ಮೂಲೆಗೆ ಸರಿಸಬೇಕೆಂದಿದ್ದ ಪಿಸಿಸಿಗಳನ್ನೇ ಮತ್ತೆ ದುರಸ್ತಿ ಮಾಡಿ ಓಡಿಸಬೇಕಾಯಿತು. ಇದರಿಂದ ಎದ್ದ ವ್ಯಾಜ್ಯ ಕೊನೆಗೆ ಬೋಯಿಂಗ್ ಪರಿಹಾರ ಕೊಡುವುದರಲ್ಲಿ ಮುಗಿಯಿತು. ಆ ಮಾದರಿಯ ಕೊನೆಯ ಬಂಡಿಗಳು ಬಾಸ್ಟನ್ನಿನಲ್ಲಿ ನಿವೃತ್ತಿಯಾದದ್ದು 2007ರಲ್ಲಿ.

1980ರ ದಶಕದ ಕೊನೆಯಲ್ಲಿ ಜಪಾನಿನ ಕಿಂಕಿ ಶಾರ್ಯೊ ಕಂಪನಿಯ ‘ಟೈಪ್ 7’ ಬಂಡಿಗಳು ಬಂದು ನೆಮ್ಮದಿ ತಂದವು. ನಂತರದ ಇಟಲಿಯ ಬ್ರೆಡಾ ಕಂಪನಿಯ ‘ಟೈಪ್ 8’ ತಗ್ಗು ನೆಲದ ಬಂಡಿ. ಹತ್ತಲು ಸುಲಭ, ಆದರೆ ಆರಂಭದ ವರ್ಷಗಳಲ್ಲಿ ಹಳಿ ತಪ್ಪುತ್ತಿದ್ದುದರಿಂದ ವೇಗ ಹೆಚ್ಚಿರುವ ಡಿ ಕವಲಿಗೆ ಅದು ಬಂದದ್ದು ತಡವಾಗಿ. 2018ರ ಡಿಸೆಂಬರ್‌ನಲ್ಲಿ ಸ್ಪೇನಿನ ಸಿಎಎಫ್ ಕಂಪನಿಯ 24 ‘ಟೈಪ್ 9’ ಬಂಡಿಗಳ ಸರಣಿ ಶುರುವಾಯಿತು. ಅದೇ ಕಂಪನಿಗೆ 2022ರಲ್ಲಿ 102 ‘ಟೈಪ್ 10’ ಬಂಡಿಗಳ ಆದೇಶ ಹೋಯಿತು. ಇವು ಈಗಿನವುಗಳಿಗಿಂತ ಸುಮಾರು 12 ಮೀಟರ್ ಉದ್ದ. ಯಾರ್ಡಿನ ಹಳಿ, ಶೆಡ್ಡು, ಎತ್ತುವ ಯಂತ್ರಗಳೆಲ್ಲ ಹಳೆಯ ಅಳತೆಗೆ ಮಾಡಿದವು. ಉದ್ದದ ಬಂಡಿಗೆ ತಕ್ಕಂತೆ ಅವೆಲ್ಲವೂ ಬದಲಾಗಬೇಕು.

ಟಿಕೆಟ್ ಮತ್ತು ದರ

ರಿವರ್‌ಸೈಡ್ ತೆರೆದ 1959ರಲ್ಲೇ ಕಿಂಗ್‌ಸ್ಟನ್ ಟ್ರಿಯೊ ತಂಡದ ‘ಎಂ.ಟಿ.ಎ.’ ಹಾಡು ಅಮೆರಿಕದಲ್ಲೆಲ್ಲ ಜನಪ್ರಿಯವಾಯಿತು. ಇಳಿಯುವಾಗ ಕೊಡಬೇಕಾದ ಹೆಚ್ಚುವರಿ ಐದು ಸೆಂಟು ಇಲ್ಲದೆ ಬಂಡಿಯಲ್ಲೇ ಸಿಕ್ಕಿಹಾಕಿಕೊಂಡ ಚಾರ್ಲಿ ಎಂಬವನ ಕತೆ ಅದು. ಜಾಕ್ವೆಲಿನ್ ಸ್ಟೈನರ್ ಮತ್ತು ಬೆಸ್ ಲೋಮ್ಯಾಕ್ಸ್ ಹಾಸ್ 1949ರ ಬಾಸ್ಟನ್ ಮೇಯರ್ ಚುನಾವಣೆಯಲ್ಲಿ ವಾಲ್ಟರ್ ಓಬ್ರಿಯನ್ ಪರ ಪ್ರಚಾರಕ್ಕೆ, ದರ ಏರಿಕೆಯನ್ನು ವಿರೋಧಿಸಿ ಬರೆದ ಹಾಡು. ಓಬ್ರಿಯನ್ ಸೋತರೂ ಹಾಡು ಉಳಿಯಿತು.

ಹಾಡಿನ ಕಷ್ಟ ಕಲ್ಪನೆಯದಷ್ಟೇ ಆಗಿರಲಿಲ್ಲ. ಡಿ ಕವಲಿನ ದರಪದ್ಧತಿ ದಶಕಗಳ ಕಾಲ ಗೋಜಲಾಗಿಯೇ ಇತ್ತು: ಹೊರವಲಯದಿಂದ ನಗರಕ್ಕೆ ಹೋಗುವವರಿಗೆ ಹೆಚ್ಚು ದರ, ನಗರದಿಂದ ಹೊರಕ್ಕೆ ಬರುವಾಗ ಮೇಲ್ಮೈ ನಿಲ್ದಾಣಗಳಲ್ಲಿ ಹತ್ತಿದವರಿಗೆ ದರವೇ ಇಲ್ಲ, ಕೆಲವೆಡೆ ಇಳಿಯುವಾಗ ಶುಲ್ಕ. 2006ರ ಕೊನೆಯಲ್ಲಿ ಬಂದ ಹೊಸ ಕಾರ್ಡಿಗೆ ಪ್ರಾಧಿಕಾರ ಚಾರ್ಲಿಯ ಹೆಸರನ್ನೇ ಇಟ್ಟಿತು. 2007ರ ಜನವರಿ 1ರಿಂದ ಇಳಿಯುವ ಶುಲ್ಕ ರದ್ದಾಗಿ ರಿವರ್‌ಸೈಡ್‌ಗೂ ನಗರದ ದರವೇ ಬಂತು. 2019ರಲ್ಲಿ ಈ ದರ 2.40 ಡಾಲರ್ ಆಯಿತು. 2024ರ ಆಗಸ್ಟ್‌ನಿಂದ ಬ್ಯಾಂಕ್ ಕಾರ್ಡ್ ಅಥವಾ ಮೊಬೈಲ್ ತಾಗಿಸಿಯೂ ಹಣ ಕೊಡಬಹುದು.

ಅಪಘಾತ, ನೆರೆ, ಹಿಮ

2008ರ ಮೇ 28ರ ಸಂಜೆ ವಾಬನ್ ಮತ್ತು ವುಡ್‌ಲ್ಯಾಂಡ್ ನಡುವೆ, ರಿವರ್‌ಸೈಡ್ ಕಡೆಗೆ ಹೋಗುತ್ತಿದ್ದ ಒಂದು ಟ್ರಾಲಿಗೆ ಹಿಂದಿನಿಂದ ಬಂದ ಇನ್ನೊಂದು ಗುದ್ದಿತು. ಹಿಂದಿನ ಬಂಡಿಯ ಚಾಲಕಿ ಸತ್ತರು, ಹಲವರು ಗಾಯಗೊಂಡರು. ಕೆಂಪು ಸಿಗ್ನಲ್ ಕಂಡರೆ ನಿಂತು, ನಂತರ ಗಂಟೆಗೆ 10 ಮೈಲಿ ಮೀರದ ವೇಗದಲ್ಲಿ ಮುಂದೆ ಹೋಗಬೇಕೆಂಬುದು ನಿಯಮ. ಬಂಡಿ ನಿಂತಿರಲಿಲ್ಲ. ಚಾಲಕಿಗೆ ಕ್ಷಣಕಾಲ ಜೊಂಪು ಹತ್ತಿದ್ದಿರಬಹುದೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅಭಿಪ್ರಾಯಪಟ್ಟಿತು. ಸಿಗ್ನಲ್ ಮೀರಿದರೆ ಬಂಡಿಯನ್ನು ತಾನೇ ನಿಲ್ಲಿಸುವ ವ್ಯವಸ್ಥೆ ಇಲ್ಲದ್ದನ್ನೂ ಎತ್ತಿ ತೋರಿಸಿತು. ಅಂಥ ಸ್ವಯಂಚಾಲಿತ ರಕ್ಷಣೆಯನ್ನು ಗ್ರೀನ್ ಲೈನಿಗೆ ಅಳವಡಿಸುವ ಗುತ್ತಿಗೆ ಕೊಟ್ಟದ್ದು ಹನ್ನೊಂದು ವರ್ಷಗಳ ನಂತರ, 2019ರಲ್ಲಿ. ಅಗ್ಗದ ಪರಿವರ್ತನೆ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಮುಂದಿನ ತಲೆಮಾರು ಹೀಗೆ ತೆರಬೇಕಾಯಿತು.

ಮಾರ್ಗದ ಪೂರ್ವ ಭಾಗಕ್ಕೆ ಮಡ್ಡಿ ನದಿಯ ಕಾಟವಿದೆ. 1996ರ ಅಕ್ಟೋಬರ್‌ನ ಭಾರಿ ಮಳೆಯಲ್ಲಿ ದಂಡೆ ಮೀರಿದ ನೀರು ಫೆನ್‌ವೇ ಇಳಿಜಾರಿನಿಂದ ಸುರಂಗಕ್ಕೆ ನುಗ್ಗಿ ಕೆನ್ಮೋರ್ ನಿಲ್ದಾಣವನ್ನು ಮುಳುಗಿಸಿತು. ಶರತ್ಕಾಲದಲ್ಲಿ ಮರಗಳಿಂದ ಉದುರಿದ ಎಲೆಗಳು ಚಕ್ರದಡಿ ನುಗ್ಗಾಗಿ ಹಳಿ ಜಾರುವಂತೆ ಮಾಡುತ್ತವೆ. ಚಾಲಕರು ಮೊದಲೇ ಬ್ರೇಕ್ ಹಾಕಬೇಕು. 2014-15ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ 110 ಇಂಚಿಗೂ ಮೀರಿ ಹಿಮ ಬಿದ್ದಾಗ ಎಂಬಿಟಿಎಯ ರೈಲು ಸೇವೆಯೆಲ್ಲ ಸ್ಥಗಿತಗೊಂಡಿತ್ತು. ಹಳಿಯ ದುಃಸ್ಥಿತಿಯಿಂದ ಹೇರಿದ್ದ ವೇಗಮಿತಿಗಳನ್ನು ತೆಗೆಯಲು 2023ರ ಕೊನೆಯಿಂದ 2024ರ ಕೊನೆಯವರೆಗೆ ಇಡೀ ಜಾಲದಲ್ಲಿ ಸರದಿಯಂತೆ ಮಾರ್ಗ ಮುಚ್ಚಿ ಹಳಿ ಬದಲಿಸಲಾಯಿತು. ಡಿ ಕವಲೂ ಅದರಲ್ಲಿ ಸೇರಿತ್ತು.

ನೆಲದ ಬೆಲೆ

1959ರಲ್ಲಿ ಕಾರು ನಿಲ್ಲಿಸಲು ಬಿಟ್ಟ ಬಯಲು ಇಂದು ಚಿನ್ನದ ಬೆಲೆಯ ನೆಲ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ರೈಲು. ಇಲ್ಲಿ ಮನೆ, ಕಚೇರಿ, ಅಂಗಡಿಗಳ ಸಮುಚ್ಚಯ ಕಟ್ಟಬೇಕೆಂಬ ಯೋಜನೆ ನ್ಯೂಟನ್ ನಗರಾಡಳಿತದ ಮುಂದೆ ಬಹುಕಾಲದಿಂದ ಇದೆ. 2013ರಲ್ಲಿ ಒಂದು ರೂಪಕ್ಕೆ ಒಪ್ಪಿಗೆ ಸಿಕ್ಕರೂ ಕಟ್ಟಡ ಏಳಲಿಲ್ಲ. 2020ರಲ್ಲಿ ಇನ್ನೊಂದು ದೊಡ್ಡ ಯೋಜನೆಗೆ ಅನುಮತಿ ದೊರೆಯಿತು. ಕಟ್ಟಡಗಳ ಎತ್ತರ, ಗ್ರೋವ್ ಬೀದಿಯ ವಾಹನ ದಟ್ಟಣೆ, ಶಾಲೆಗಳ ಮೇಲಿನ ಹೊರೆ ಕುರಿತು ಸುತ್ತಲಿನ ನಿವಾಸಿಗಳ ಆಕ್ಷೇಪಗಳಿದ್ದವು. ರೈಲಿರುವ ಕಡೆಯೇ ಮನೆ ಕಟ್ಟದಿದ್ದರೆ ಬಾಡಿಗೆ ಇಳಿಯುವುದಿಲ್ಲ, ಕಾರೂ ಕಡಿಮೆಯಾಗುವುದಿಲ್ಲ ಎಂಬುದು ಮತ್ತೊಂದು ಪಕ್ಷದ ವಾದ.

ಮಹತ್ವ

ರೈಲು ದಾರಿಯನ್ನು ಟ್ರಾಲಿಗೆ ಒಪ್ಪಿಸಿದ ಮೊದಲ ಉದಾಹರಣೆ ರಿವರ್‌ಸೈಡ್ ಅಲ್ಲ. 1929ರ ಮ್ಯಾಟಪ್ಯಾನ್ ಮಾರ್ಗ ಬಾಸ್ಟನ್ನಿನಲ್ಲೇ ಇತ್ತು. ಆದರೆ ಅಮೆರಿಕದ ಊರೂರುಗಳಲ್ಲಿ ಟ್ರಾಮ್ ಹಳಿಗಳನ್ನು ಕಿತ್ತೆಸೆಯುತ್ತಿದ್ದ ಕಾಲದಲ್ಲಿ ಹೊಸದಾಗಿ ಹದಿನೈದು ಕಿಲೋಮೀಟರ್ ಟ್ರಾಲಿ ಮಾರ್ಗ ತೆರೆದು, ಅದರ ತುದಿಯಲ್ಲಿ ಕಾರಿಗೂ ಜಾಗ ಕೊಟ್ಟದ್ದು ಇದರ ವಿಶೇಷ. ‘ಲೈಟ್ ರೈಲು’ ಎಂಬ ಹೆಸರು ಅಮೆರಿಕದಲ್ಲಿ ಚಾಲ್ತಿಗೆ ಬಂದದ್ದು 1972ರಲ್ಲಿ. ಕೆನಡದ ಎಡ್ಮಂಟನ್ 1978ರಲ್ಲಿ, ಹಳೆಯ ಸರಕು ರೈಲಿನ ಹಳಿಯನ್ನು ಬಳಸಿಕೊಂಡ ಸ್ಯಾನ್ ಡಿಯೆಗೊ 1981ರಲ್ಲಿ ಹೊಸ ಮಾರ್ಗಗಳನ್ನು ತೆರೆದವು. ಹೆಸರಿಲ್ಲದ ದಿನಗಳಲ್ಲೇ ರಿವರ್‌ಸೈಡ್ ಆ ಕೆಲಸ ಮಾಡಿಯಾಗಿತ್ತು.

ಇದರ ಮಿತಿಯೂ ಸ್ಪಷ್ಟ. ಹೊರವಲಯದಲ್ಲಿ ರೈಲಿನಂತೆ ಓಡುವ ಬಂಡಿ ಕೆನ್ಮೋರ್‌ನಲ್ಲಿ ಬಿ, ಸಿ ಕವಲುಗಳ ಜೊತೆ, ಕಾಪ್ಲೀಯಲ್ಲಿ ಇ ಕವಲಿನ ಜೊತೆ ಹಳೆಯ, ಇಕ್ಕಟ್ಟಾದ ಸುರಂಗವನ್ನು ಹಂಚಿಕೊಳ್ಳಬೇಕು. ಒಂದು ಕವಲಿನಲ್ಲಿ ತಡವಾದರೆ ನಾಲ್ಕಕ್ಕೂ ಅದರ ಏಟು. ರಿವರ್‌ಸೈಡ್‌ನಲ್ಲಿ ಎಷ್ಟು ಕಾರುಗಳಿಗೆ ಜಾಗ ಕೊಟ್ಟರೂ, ಎಷ್ಟು ಮನೆ ಕಟ್ಟಿದರೂ, ಗಂಟೆಗೆ ಎಷ್ಟು ಬಂಡಿ ಓಡಬಹುದು ಎಂಬುದನ್ನು ನಿರ್ಧರಿಸುವುದು ಆ ಸುರಂಗವೇ. ಇರುವ ಹಳಿಯನ್ನು ಉಳಿಸಿಕೊಂಡ ನಗರ ಕಡಿಮೆ ಖರ್ಚಿನಲ್ಲಿ ದೊಡ್ಡ ಲಾಭ ಪಡೆಯಬಹುದು. ಆದರೆ ಬಂಡಿ, ಸಿಗ್ನಲ್ ಮತ್ತು ನಗರಮಧ್ಯದ ಸುರಂಗಕ್ಕೆ ಮಾಡಬೇಕಾದ ಖರ್ಚನ್ನು ಮುಂದೂಡಬಹುದೇ ಹೊರತು ತಪ್ಪಿಸಲಾಗದು. ರಿವರ್‌ಸೈಡ್ ಮಾರ್ಗದ ಅನುಭವ ಈ ಎರಡು ಮಾತುಗಳಿಗೂ ಸಾಕ್ಷಿ.